ಇಪ್ಪತ್ತು ನಿಮಿಷದಲ್ಲೇ ತೀರಿದ ಸೇಡು: 'ಅರವಿಂದ ಸಮೇತ'ಕ್ಕೆ ಎರಡು ಮಾತು ಬಂದದ್ದೇಕೆ?

ಪ್ರಶ್ನೆ: ಜೂನಿಯರ್ ಎನ್‌ಟಿಆರ್ ಅವರ 2018ರ ತೆಲುಗು ಚಿತ್ರ 'ಅರವಿಂದ ಸಮೇತ ವೀರ ರಾಘವ'ವನ್ನು ಮನೆಯವರೆಲ್ಲ ಕೂತು ಮತ್ತೆ ನೋಡಿದೆವು. ಫ್ಯಾಕ್ಷನ್ ಸಿನಿಮಾಗಳಲ್ಲೇ, ಅಂದರೆ ಊರು-ಮನೆತನಗಳ ಹಗೆಯ ಸಿನಿಮಾಗಳಲ್ಲೇ, ಇದು ಮೇಲು ಅಂತ ಅಣ್ಣ ಹೇಳುತ್ತಾನೆ. ನನಗೆ ಶುರುವಿನ ಫೈಟ್ ಮುಗಿದ ಮೇಲೆ ಸಪ್ಪೆ ಅನ್ನಿಸಿತು. ಬಿಡುಗಡೆಯಾದಾಗಲೂ ಹೀಗೇ ಎರಡು ಮಾತು ಕೇಳಿಬಂದಿದ್ದವು, ಆದರೂ ಹಿಟ್ ಅಂದರು. ಕುಟುಂಬದ ಸೇಡಿನ ಕಥೆಯನ್ನು ಹೇಗೆ ಕಟ್ಟುತ್ತಾರೆ, ಎಲ್ಲಿ ಕೈತಪ್ಪುತ್ತದೆ? ಹಿಟ್ ಅನ್ನುವ ಲೆಕ್ಕವನ್ನು ಹೇಗೆ ಓದಬೇಕು?
– ಬಳ್ಳಾರಿಯ ಓದುಗರು

ಉತ್ತರ:

ನೀವೂ ನಿಮ್ಮ ಅಣ್ಣನೂ ಹೇಳುತ್ತಿರುವುದು ಒಂದೇ ಸಂಗತಿಯನ್ನು. ಬೇರೆ ಚಿತ್ರಗಳು ಕೊನೆಗೆ ಇಟ್ಟುಕೊಳ್ಳುವ ಸೇಡನ್ನು ಈ ಚಿತ್ರ ಸುಮಾರು ಮೊದಲ 20 ನಿಮಿಷದಲ್ಲೇ ತೀರಿಸಿಬಿಡುತ್ತದೆ. ಉಳಿದ ಎರಡು ಗಂಟೆಗೂ ಹೆಚ್ಚು ಹೊತ್ತು, ಸೇಡು ತೀರಿದ ಮೇಲೆ ಊರಿಗೇನಾಯಿತು ಅಂತ ಕೇಳುತ್ತಾ ಹೋಗುತ್ತದೆ. ಆ ಪ್ರಶ್ನೆ ಹಿಡಿಸಿದವರಿಗೆ ಚಿತ್ರ ಹಿಡಿಸಿತು. ಮುಂದಿನ ಹೊಡೆದಾಟ ಯಾವಾಗ ಅಂತ ಕಾದವರಿಗೆ ಸಪ್ಪೆಯಾಯಿತು. ಇದು ನಿರ್ದೇಶಕ ತ್ರಿವಿಕ್ರಮ್ ಶ್ರೀನಿವಾಸ್ ಗೊತ್ತಿದ್ದೇ ಮಾಡಿದ ಆಯ್ಕೆ. ಅದರ ಬೆಲೆಯನ್ನೂ ಚಿತ್ರ ತೆತ್ತಿದೆ.

ಮೊದಲು ರೂಢಿಯ ಕಟ್ಟಡ ಹೇಗಿರುತ್ತದೆ ನೋಡೋಣ. 1997ರ 'ಪ್ರೇಮಿಂಚುಕುಂದಾಂ ರಾ' ಆಂಧ್ರದ ರಾಯಲಸೀಮೆಯ ಹಗೆಯನ್ನು ಒಂದು ಪ್ರೇಮಕಥೆಯ ಹಿನ್ನೆಲೆಗೆ ತಂದಿತ್ತು. ಅದಕ್ಕೆ ಗಟ್ಟಿ ಅಚ್ಚು ಹಾಕಿದ್ದು 1999ರ ಸಂಕ್ರಾಂತಿಗೆ ಬಂದ 'ಸಮರಸಿಂಹಾ ರೆಡ್ಡಿ'. ಬಿ. ಗೋಪಾಲ್ ನಿರ್ದೇಶನ, ವಿ. ವಿಜಯೇಂದ್ರ ಪ್ರಸಾದ್ ಕಥೆ, ನಾಯಕ ಬಾಲಕೃಷ್ಣ. ಅಚ್ಚು ಹೀಗಿದೆ: ನಾಯಕ ತನ್ನ ಸೀಮೆಯಿಂದ ದೂರ, ಬೇರೆ ಹೆಸರಿನಲ್ಲಿ ಸಾಮಾನ್ಯನಂತೆ ಬದುಕುತ್ತಿರುತ್ತಾನೆ. ಮೊದಲರ್ಧ ಹಾಸ್ಯ, ಪ್ರೀತಿ, ಹಾಡು. ಅಲ್ಲಲ್ಲಿ 'ಇವನು ಯಾರೋ ಬೇರೆಯೇ' ಅನ್ನಿಸುವ ಸುಳಿವು. ಇಂಟರ್ವಲ್‌ಗೆ ಮುಂಚೆ ಗುರುತು ಬಯಲಾಗುತ್ತದೆ. ಆಮೇಲೆ ಫ್ಲ್ಯಾಷ್‌ಬ್ಯಾಕ್, ಅದರಲ್ಲಿ ಮನೆಯವರ ಸಾವು. ಕೊನೆಗೆ ವಾಪಸಾತಿ, ಲೆಕ್ಕ ಚುಕ್ತಾ. 2002ರ 'ಇಂದ್ರ'ದಲ್ಲಿ ಕಾಶಿಯಲ್ಲಿ ಟ್ಯಾಕ್ಸಿ ಓಡಿಸುವ ಶಂಕರ್ ನಾರಾಯಣ ಸೀಮೆಯ ಇಂದ್ರಸೇನಾ ರೆಡ್ಡಿಯಾಗಿ ಬದಲಾಗುವುದು ಇದೇ ಅಚ್ಚಿನಲ್ಲಿ.

ಈ ಅಚ್ಚು ಅಷ್ಟು ವರ್ಷ ಬಾಳಿದ್ದಕ್ಕೆ ಕಾರಣವಿದೆ. ಸೇಡಿನ ಕಥೆಯ ಇಂಧನ ಸಿಟ್ಟು. ಸಿಟ್ಟನ್ನು ಎರಡೂವರೆ ಗಂಟೆ ಒಂದೇ ಉರಿಯಲ್ಲಿ ಉರಿಸಲಾಗದು. ಸಾವನ್ನು ಮೊದಲೇ ತೋರಿಸಿದರೆ ಮಧ್ಯದಲ್ಲಿ ಬರುವ ಹಾಡು-ಹಾಸ್ಯ ಅಪಮಾನದಂತೆ ಕಾಣುತ್ತದೆ: ಅಪ್ಪ ಸತ್ತಿದ್ದಾನೆ, ಇವನು ಕುಣಿಯುತ್ತಿದ್ದಾನಲ್ಲ ಅಂತ. ಫ್ಲ್ಯಾಷ್‌ಬ್ಯಾಕ್‌ನಲ್ಲಿ ತಡವಾಗಿ ತೋರಿಸಿದರೆ ಆ ತೊಡಕಿಲ್ಲ. ನಾಯಕನ ಮೌನಕ್ಕೆ ಕಾರಣ ಪ್ರೇಕ್ಷಕನಿಗೆ ಆಮೇಲೆ ಗೊತ್ತಾಗುತ್ತದೆ, ಹಿಂದಿನ ನಗುವೂ ಆಗ ನೋವಾಗಿ ತಿರುಗುತ್ತದೆ. ಇಂಟರ್ವಲ್‌ನಿಂದ ಕ್ಲೈಮ್ಯಾಕ್ಸ್‌ಗೆ ಹೆಚ್ಚು ದೂರವಿಲ್ಲದ್ದರಿಂದ ಕಾವೂ ಆರುವುದಿಲ್ಲ.

'ಅರವಿಂದ ಸಮೇತ' ಈ ಕ್ರಮವನ್ನು ತಲೆಕೆಳಗು ಮಾಡಿತು. ಕೊಮ್ಮದ್ದಿ, ನಲ್ಲಗುಡಿ ಎಂಬ ಎರಡು ಹಳ್ಳಿಗಳು. ಕೊಮ್ಮದ್ದಿಯ ನಾರಪ ರೆಡ್ಡಿ ಪಾತ್ರದಲ್ಲಿ ನಾಗಬಾಬು, ನಲ್ಲಗುಡಿಯ ಬಸಿ ರೆಡ್ಡಿಯಾಗಿ ಜಗಪತಿ ಬಾಬು. ಹಗೆ ಹುಟ್ಟಿದ್ದು ಇಸ್ಪೀಟಾಟದಲ್ಲಿ, ಪಣ ಬರೀ ಐದು ರೂಪಾಯಿ. ಲಂಡನ್‌ನಿಂದ ಬಂದ ಮಗ ವೀರ ರಾಘವನನ್ನು ಕರೆದುಕೊಂಡು ಊರಿಗೆ ಹೊರಟ ನಾರಪ ರೆಡ್ಡಿಯ ಮೇಲೆ ದಾರಿಯಲ್ಲೇ ದಾಳಿಯಾಗುತ್ತದೆ. ಅಪ್ಪ ಸಾಯುತ್ತಾನೆ. ಮಗ ಕತ್ತಿ ಎತ್ತಿಕೊಂಡು ಎದುರಿಗೆ ಬಂದವರನ್ನೆಲ್ಲ ಕೆಡವಿ, ಬಸಿ ರೆಡ್ಡಿಯ ಕುತ್ತಿಗೆಗೂ ಹಾಕುತ್ತಾನೆ. ಬೇರೆ ಚಿತ್ರವಾಗಿದ್ದರೆ ಇಲ್ಲಿ 'ಶುಭಂ'.

ಇಲ್ಲಿಂದ ಮುಂದಿನ ಕೆಲವು ನಿಮಿಷಗಳನ್ನು ಗಮನವಿಟ್ಟು ನೋಡಿ, ಚಿತ್ರದ ಜೀವ ಅಲ್ಲಿದೆ. ಗೆದ್ದು ಬಂದವನಿಗೆ ಆರತಿ ಇಲ್ಲ. ಸತ್ತವರ ಮನೆಯ ಹೆಂಗಸರು ಕಾಣುತ್ತಾರೆ. ಸೀಮೆಯ ಮಾತಿನಲ್ಲಿ ಅಜ್ಜಿಗೆ 'ಜೇಜಿ' ಅನ್ನುತ್ತಾರೆ. ಸುಪ್ರಿಯಾ ಪಾಠಕ್ ಮಾಡಿದ ಆ ಜೇಜಿ ಮೊಮ್ಮಗನನ್ನು ಕೇಳುವುದು ಇದನ್ನು ಇಲ್ಲಿಗೆ ನಿಲ್ಲಿಸಲಾಗುತ್ತದಾ ಅಂತ. ಗಂಡನ ದಾರಿ ಕಾಯುವ ಹೆಣ್ಣಿನ ಮಾತಾಗಿ 'ಪೆನಿವಿಟಿ' ಹಾಡಿದೆ. ರಾಮಜೋಗಯ್ಯ ಶಾಸ್ತ್ರಿ ಬರೆದದ್ದು, ಹಾಡಿದವರು ಕಾಲಭೈರವ, ಸಂಗೀತ ತಮನ್. ಫ್ಯಾಕ್ಷನ್ ಚಿತ್ರಗಳಲ್ಲಿ ಹೆಂಗಸರು ಬಹುಮಟ್ಟಿಗೆ ಎರಡೇ ಕಡೆ ಬರುತ್ತಿದ್ದರು: ಹಾಡಿನಲ್ಲಿ, ಇಲ್ಲವೇ ಹೆಣದ ಮುಂದೆ. ಇಲ್ಲಿ ಕಥೆಯ ದಿಕ್ಕು ತಿರುಗಿಸುವವರೇ ಅವರು. ಹೆಸರನ್ನೇ ನೋಡಿ. 'ಶ್ರೀದೇವಿ ಭೂದೇವಿ ಸಮೇತ' ಅಂತ ದೇವಸ್ಥಾನದ ಲಗ್ನಪತ್ರಿಕೆಯಲ್ಲಿ ಬರೆಯುವ ಹಾಗೆ ನಾಯಕಿಯ ಹೆಸರು ಮುಂದೆ, ನಾಯಕನದು ಹಿಂದೆ. ಕೊನೆಯಲ್ಲಿ ಬಸಿ ರೆಡ್ಡಿಯ ಹೆಂಡತಿ (ಈಶ್ವರಿ ರಾವ್) ರಾಜಕೀಯಕ್ಕೆ ಬರುವುದು ಇದೇ ಎಳೆಯ ತುದಿ.

ಈಗ ಸಪ್ಪೆ ಅನ್ನಿಸಿದ ಭಾಗಕ್ಕೆ ಬರೋಣ. ನಾಯಕ ಹೈದರಾಬಾದಿಗೆ ಹೋಗುತ್ತಾನೆ, ನೀಲಾಂಬರಿಯ (ಸುನಿಲ್) ಸ್ನೇಹವಾಗುತ್ತದೆ, ಫ್ಯಾಕ್ಷನ್ ಬಗ್ಗೆ ಅಧ್ಯಯನ ಮಾಡುವ ಅರವಿಂದ (ಪೂಜಾ ಹೆಗ್ಡೆ) ಸಿಗುತ್ತಾಳೆ. ತಾಂತ್ರಿಕವಾಗಿ ಇದು ಹಳೇ ಅಚ್ಚಿನ ಮೊದಲರ್ಧವೇ, ದೂರದ ಊರಿನಲ್ಲಿ ಗುರುತು ಮರೆಸಿಕೊಂಡ ನಾಯಕ. ಆದರೆ ಅವನು ಯಾರೆಂದು ನಮಗೆ ಆಗಲೇ ಗೊತ್ತು. ಬಯಲಾಗಲು ಗುಟ್ಟೇ ಉಳಿದಿಲ್ಲ. ಹಳೇ ಅಚ್ಚಿನಲ್ಲಿ ಈ ಭಾಗವನ್ನು ಎಳೆಯುತ್ತಿದ್ದ ಹಗ್ಗವೇ ಅದು. ಅದನ್ನು ತೆಗೆದ ಮೇಲೆ ಬೇರೊಂದು ಹಗ್ಗ ಬೇಕು. ಕತ್ತಿ ಮುಟ್ಟುವುದಿಲ್ಲ ಅಂದವನು ಮುಟ್ಟದೆಯೇ ಹೇಗೆ ಗೆಲ್ಲುತ್ತಾನೆ ಅನ್ನುವುದೇ ತ್ರಿವಿಕ್ರಮ್ ಕೊಟ್ಟ ಹಗ್ಗ. ಬಸಿ ರೆಡ್ಡಿಯ ಮಗ ಬಾಲ್ ರೆಡ್ಡಿಯನ್ನು (ನವೀನ್ ಚಂದ್ರ) ಮಾತಿನಲ್ಲೇ ಕಟ್ಟಿಹಾಕುವ ಕಡೆ ಅದು ಬಿಗಿಯಾಗಿ ಎಳೆಯುತ್ತದೆ. ನಾಯಕ-ನಾಯಕಿಯ ಪರಿಚಯ, ಅವಳ ಮನೆಯ ಸರಸದ ಮಾತುಗಳಲ್ಲಿ ಸಡಿಲವಾಗುತ್ತದೆ. ಅವಳಿಗೆ ಫ್ಯಾಕ್ಷನ್ ಒಂದು ಅಧ್ಯಯನದ ವಿಷಯ, ಅವನಿಗೆ ಅಪ್ಪನ ಹೆಣ. ಈ ವ್ಯತ್ಯಾಸವೇ ಒಂದು ಒಳ್ಳೆಯ ಜಗಳವಾಗಬಹುದಿತ್ತು. ಚಿತ್ರ ಅದನ್ನು ಬೇಗ ಪ್ರೀತಿಗೆ ತಿರುಗಿಸಿಬಿಟ್ಟಿತು. ನನ್ನ ಮಟ್ಟಿಗೆ ಚಿತ್ರದ ದೊಡ್ಡ ಕೊರತೆ ಇದು, ಹೊಡೆದಾಟ ಕಡಿಮೆಯಾದದ್ದಲ್ಲ.

ಖಳನ ವಿಷಯದಲ್ಲಿ ಮಾತ್ರ ಕೆಲಸ ತುಂಬ ಅಚ್ಚುಕಟ್ಟಾಗಿದೆ. ಬಸಿ ರೆಡ್ಡಿ ಸತ್ತ ಅಂತ ಬಿಟ್ಟು ಹೋಗಿರುತ್ತಾರೆ, ಅವನು ಬದುಕುತ್ತಾನೆ. ಕುತ್ತಿಗೆಗೆ ಬಿದ್ದ ಏಟಿನಿಂದ ದನಿ ಹೋಗಿ, ಗಂಟಲಲ್ಲಿ ಗಾಳಿ ಕೆರೆದ ಹಾಗೆ ಮಾತು ಬರುತ್ತದೆ. ಅವನು ಬಾಯಿ ತೆರೆದಾಗಲೆಲ್ಲ ಆ ಮೊದಲ 20 ನಿಮಿಷ ನೆನಪಾಗುತ್ತದೆ. ಬೇರೆ ಫ್ಲ್ಯಾಷ್‌ಬ್ಯಾಕ್ ಬೇಕಿಲ್ಲ. ಸೇಡಿನ ಕಥೆ ಬರೆಯುವವರು ಕಲಿಯಬೇಕಾದ ಕಸುಬು ಇದು: ಹಳೇ ಗಾಯವನ್ನು ಸಂಭಾಷಣೆಯಲ್ಲಿ ನೆನಪಿಸುವ ಬದಲು ಮೈಮೇಲೆ ಇಟ್ಟುಬಿಡುವುದು. ಮುಂದೆ, ರಾಜಿಗೆ ಒಪ್ಪಿದ ಸ್ವಂತ ಮಗನನ್ನೇ ಕೊಂದು ಆ ಕೊಲೆಯನ್ನು ರಾಘವನ ತಲೆಗೆ ಕಟ್ಟುತ್ತಾನೆ ಬಸಿ ರೆಡ್ಡಿ. ಹಗೆ ಯಾವ ಮನೆತನದ ಹೆಸರಿನಲ್ಲಿ ನಡೆದಿತ್ತೋ ಆ ಮನೆತನವನ್ನೇ ತಿಂದುಹಾಕುವ ಘಟ್ಟ ಅದು. ಐದು ರೂಪಾಯಿಯ ಮಾತಿಗೆ ಪೂರ್ತಿ ಅರ್ಥ ಬರುವುದೂ ಅಲ್ಲೇ.

ಇಂಥ ಚಿತ್ರಗಳು ಸಾಮಾನ್ಯವಾಗಿ ಕೆಡುವುದು ಕಾರಣದ ಅಳತೆಯಲ್ಲಿ. ಖಳ ಮಾಡಿದ ಅನ್ಯಾಯ ತೀರಾ ದೊಡ್ಡದಾಗಿದ್ದರೆ, ಇಡೀ ಮನೆಯವರನ್ನು ಸುಟ್ಟ ಅನ್ನುವ ಥರ, ನಾಯಕ ಏನು ಮಾಡಿದರೂ ಸರಿ ಅನ್ನಿಸುತ್ತದೆ. ಆಗ ಕಥೆಯಲ್ಲಿ ಸಂದಿಗ್ಧ ಸಾಯುತ್ತದೆ, ಉಳಿಯುವುದು ಫೈಟ್‌ಗಳ ಸಾಲು. ಫೈಟ್‌ಗಳೂ ಒಂದರ ಮೇಲೊಂದು ದೊಡ್ಡದಾಗುತ್ತಾ ಹೋಗಬೇಕಾಗುತ್ತದೆ. ಸುಮೋಗಳು ಗಾಳಿಯಲ್ಲಿ ಹಾರತೊಡಗಿದ್ದು ಹಾಗೆ. ಎರಡನೆಯ ತಪ್ಪು ಎಲಿವೇಷನ್, ಅಂದರೆ ನಾಯಕನನ್ನು ಎತ್ತಿ ಹಿಡಿಯುವ ದೃಶ್ಯ. ಮೂವರು ಬೇರೆ ಬೇರೆ ಪಾತ್ರಗಳು ಮೂರು ಸಲ 'ಅವನು ಯಾರು ಗೊತ್ತಾ' ಅಂದರೆ ಮೂರನೆಯದಕ್ಕೆ ಶಿಳ್ಳೆ ಬೀಳುವುದಿಲ್ಲ. ಮೂರನೆಯ ತಪ್ಪು ತಡೆಯುವ ಕಾರಣದ್ದು. ನಾಯಕನಿಗೆ ಶಕ್ತಿಯಿದ್ದೂ ಇವತ್ತೇ ಯಾಕೆ ಕೊಲ್ಲುತ್ತಿಲ್ಲ ಅನ್ನುವುದಕ್ಕೆ ಗಟ್ಟಿ ಉತ್ತರವಿಲ್ಲದಿದ್ದರೆ ದ್ವಿತೀಯಾರ್ಧ ಕುಸಿಯುತ್ತದೆ.

ತಡೆಯುವ ಕಾರಣಕ್ಕೆ ಅತ್ಯುತ್ತಮ ಉದಾಹರಣೆ ರಾಜಮೌಳಿಯವರ 2010ರ 'ಮರ್ಯಾದ ರಾಮನ್ನ'. ಹಗೆಯ ಮನೆಯೊಳಗೇ ಅತಿಥಿಯಾಗಿ ಸಿಕ್ಕಿಕೊಂಡ ಹುಡುಗ. ಮನೆಯ ಹೊಸ್ತಿಲೊಳಗೆ ರಕ್ತ ಚೆಲ್ಲಬಾರದು ಅನ್ನುವುದು ಆ ಮನೆಯ ನೇಮ. ಹೊಸ್ತಿಲು ದಾಟಿದರೆ ಸಾವು, ದಾಟದಿದ್ದರೆ ಬದುಕು. ಒಂದೇ ಒಂದು ನೇಮ ಇಡೀ ಚಿತ್ರವನ್ನು ಹೊತ್ತುಕೊಂಡಿತು. ಮೂಲ ಎಳೆ ಬಸ್ಟರ್ ಕೀಟನ್‌ನ 1923ರ ಮೂಕಿ ಚಿತ್ರದ್ದು. ಕನ್ನಡದಲ್ಲಿ ಕೋಮಲ್ ಅದನ್ನು 'ಮರ್ಯಾದೆ ರಾಮಣ್ಣ'ವಾಗಿ ಮಾಡಿದರು. 'ಅರವಿಂದ ಸಮೇತ'ದ ತಡೆ ಹೊಸ್ತಿಲಿನಷ್ಟು ಕಣ್ಣಿಗೆ ಕಾಣುವಂಥದ್ದಲ್ಲ, ಅಜ್ಜಿಯ ಮಾತು ಅಷ್ಟೇ. ಅದನ್ನು ಪ್ರೇಕ್ಷಕ ಮನಸ್ಸಿನಲ್ಲಿ ಇಟ್ಟುಕೊಂಡೇ ಕೂರಬೇಕು.

ಸೀಮೆಯ ಬಗ್ಗೆ ಒಂದೆರಡು ಮಾತು, ಯಾಕೆಂದರೆ ನೀವು ಬಳ್ಳಾರಿಯವರು. 1800ರಲ್ಲಿ ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟ 'ದತ್ತ ಮಂಡಲ'ಗಳಲ್ಲಿ ನಿಮ್ಮ ಬಳ್ಳಾರಿಯೂ ಇತ್ತು. ಇಂಗ್ಲಿಷಿನಲ್ಲಿ ಅವು ಸೀಡೆಡ್ ಜಿಲ್ಲೆಗಳು. ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೋ ಪಾಳೆಯಗಾರರನ್ನು ಅಡಗಿಸಿದ್ದು ಅಲ್ಲೇ. ಬಳ್ಳಾರಿ 1953ರಲ್ಲಿ ಮೈಸೂರಿಗೆ ಸೇರಿತು. ರಾಯಲಸೀಮ ಅನ್ನುವ ಹೆಸರು ಹುಟ್ಟಿದ್ದು 1928ರಲ್ಲಿ, ನಂದ್ಯಾಲದ ಸಭೆಯಲ್ಲಿ. ಆದರೆ ಚಿತ್ರ ವಿತರಕರ ಬಾಯಲ್ಲಿ ಇವತ್ತಿಗೂ ಅದು 'ಸೀಡೆಡ್'. ಕಲೆಕ್ಷನ್ ಪಟ್ಟಿಯಲ್ಲಿ ನೈಜಾಂ, ಸೀಡೆಡ್, ಉತ್ತರಾಂಧ್ರ, ಈಸ್ಟ್, ವೆಸ್ಟ್ (ಪೂರ್ವ, ಪಶ್ಚಿಮ ಗೋದಾವರಿ), ಕೃಷ್ಣಾ, ಗುಂಟೂರು, ನೆಲ್ಲೂರು ಅಂತ ಓದುವಾಗ ನೀವು ಓದುತ್ತಿರುವುದು ಇನ್ನೂರು ವರ್ಷದ ಹಿಂದಿನ ಒಪ್ಪಂದವೊಂದರ ಉಳಿಕೆಯನ್ನು.

ಆ ನೆಲದವರ ತಕರಾರನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ತಾಳ್ಳಪಾಕ ಅನ್ನಮಾಚಾರ್ಯರ ಸೀಮೆ ಅದು. ಅವರ ಕೀರ್ತನೆಗಳನ್ನು ಪರಿಷ್ಕರಿಸಿದ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು ಹುಟ್ಟಿದ್ದು ಅನಂತಪುರ ಜಿಲ್ಲೆಯಲ್ಲಿ. ಮೂರು ಕಡೆ ಕರ್ನಾಟಕವೇ ಸುತ್ತುವರಿದಿರುವ ಮಡಕಶಿರದಲ್ಲಿ ಕನ್ನಡ ದಿನದ ಮಾತು. ಮಳೆಯಿಲ್ಲದೆ ಶೇಂಗಾ ಒಣಗುವ ಈ ಊರುಗಳನ್ನು ಕತ್ತಿ, ನಾಟು ಬಾಂಬು, ಬಿಳಿ ಬಟ್ಟೆಯ ರೆಡ್ಡಿಗಳು ಅಂತ ಇಪ್ಪತ್ತು ವರ್ಷ ತೋರಿಸಿದರೆ ನೋವಾಗದೆ ಇರುತ್ತದೆಯೇ? 'ಅರವಿಂದ ಸಮೇತ' ಹಿಂಸೆಯನ್ನು ಖಂಡಿಸುತ್ತದೆ ನಿಜ. ಆದರೆ ಖಂಡಿಸುವುದಕ್ಕೆ ಮೊದಲು ಅದನ್ನೇ ಅತ್ಯಂತ ಸೊಗಸಾಗಿ ಚಿತ್ರೀಕರಿಸಿ, ಪ್ರಚಾರಕ್ಕೂ ಅದನ್ನೇ ಬಳಸಿಕೊಂಡಿತು. ಈ ವಿರೋಧಾಭಾಸಕ್ಕೆ ಚಿತ್ರದಲ್ಲಿ ಉತ್ತರವಿಲ್ಲ.

ಸ್ವೀಕಾರಕ್ಕೆ ಬಂದರೆ, ಮೊದಲು ಸಂದರ್ಭ ತಿಳಿದಿರಬೇಕು. 2018ರ ಜನವರಿ 10ರಂದು ಬಂದ ತ್ರಿವಿಕ್ರಮ್ ಅವರ ಹಿಂದಿನ ಚಿತ್ರ 'ಅಜ್ಞಾತವಾಸಿ' ಕೆಟ್ಟದಾಗಿ ಸೋತಿತ್ತು. ಎನ್‌ಟಿಆರ್ ಜೊತೆ ಅವರಿಗೆ ಇದು ಮೊದಲ ಚಿತ್ರ. ಆಗಸ್ಟ್ 15ರ ಟೀಸರ್‌ನಲ್ಲಿ ಕಂಡದ್ದು ಕತ್ತಿ ಹಿಡಿದ ನಾಯಕ. 18ನೇ ವಯಸ್ಸಿಗೆ 'ಆದಿ'ಯಲ್ಲಿ ಸೀಮೆಯ ಹುಡುಗನಾಗಿದ್ದವನು 35ಕ್ಕೆ ಮತ್ತೆ ಬಂದ ಅಂತಲೇ ಅಭಿಮಾನಿಗಳು ಓದಿಕೊಂಡರು. ಆಗಸ್ಟ್ 29ರಂದು ಎನ್‌ಟಿಆರ್ ತಂದೆ ಹರಿಕೃಷ್ಣ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆರು ವಾರದ ನಂತರ, ಅಕ್ಟೋಬರ್ 11ರಂದು, ತೆರೆಯ ಮೇಲೆ ಅಪ್ಪನನ್ನು ಕಳೆದುಕೊಳ್ಳುವ ಮಗನಾಗಿ ಅವರು ಕಂಡಾಗ ಪ್ರೇಕ್ಷಕರು ಪಾತ್ರವನ್ನೂ ಮನುಷ್ಯನನ್ನೂ ಬೇರೆ ಮಾಡಿ ನೋಡಲಿಲ್ಲ. ವಿಮರ್ಶೆಗಳು ನಟನೆ, ಸಂಭಾಷಣೆ, ಮೊದಲ 20 ನಿಮಿಷ ಮತ್ತು ಬಸಿ ರೆಡ್ಡಿಯನ್ನು ಹೊಗಳಿ, ನಡುವಿನ ನಿಧಾನವನ್ನು ದೂರಿದವು. ಚಿತ್ರ ವ್ಯಾಪಾರದವರ ಮಾತಿನಲ್ಲಿ ಇದು 'ಡಿವೈಡ್ ಟಾಕ್'. ಒಂದು ವರ್ಗಕ್ಕೆ ಹಿಡಿಸಿದೆ, ಇನ್ನೊಂದಕ್ಕೆ ಇಲ್ಲ ಅಂತ.

ಡಿವೈಡ್ ಟಾಕ್ ಇದ್ದೂ ಚಿತ್ರ ಗೆದ್ದದ್ದರಲ್ಲಿ ದಸರಾ ರಜೆಯ ಪಾಲಿದೆ. ಒಂದು ವಾರ ದೊಡ್ಡ ಪೈಪೋಟಿ ಇರಲಿಲ್ಲ. ಅಕ್ಟೋಬರ್ 18ರಂದು ತೆಲುಗಿನಲ್ಲಿ 'ಹಲೋ ಗುರು ಪ್ರೇಮ ಕೋಸಮೇ', ಕರ್ನಾಟಕದಲ್ಲಿ ಶಿವಣ್ಣ-ಸುದೀಪ್ ಅವರ 'ದಿ ವಿಲನ್' ಬಂದವು. ಬಿಡುಗಡೆಯ ದಿನವೇ ಬೆಳಗಿನ ಜಾವ ತಿತ್ಲಿ ಚಂಡಮಾರುತ ಶ್ರೀಕಾಕುಳಂನ ಪಲಾಸ ಹತ್ತಿರ ಅಪ್ಪಳಿಸಿತ್ತು. ಕರೆಂಟಿಲ್ಲದ ಊರಿನ ಮೊದಲ ದಿನದ ಅಂಕಿ ಚಿತ್ರದ ಬಗ್ಗೆ ಏನನ್ನೂ ಹೇಳುವುದಿಲ್ಲ. ಯಾವ ಕಲೆಕ್ಷನ್ ಪಟ್ಟಿಯನ್ನೇ ಆಗಲಿ ಇಂಥ ಸಂಗತಿಗಳನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ಇನ್ನು ಹಿಟ್‌ನ ಲೆಕ್ಕ. ಪೋಸ್ಟರ್ ಮೇಲೆ ಬರುವುದು ಗ್ರಾಸ್, ಅಂದರೆ ಟಿಕೆಟ್ ಮಾರಿದ ಒಟ್ಟು ಹಣ. ವಿತರಕನ ಕೈಗೆ ಬರುವುದು ಶೇರ್. 2018ರಲ್ಲಿ ನೂರು ರೂಪಾಯಿವರೆಗಿನ ಟಿಕೆಟ್ಟಿಗೆ ಜಿಎಸ್‌ಟಿ ಶೇ 18, ಅದಕ್ಕೂ ಮೇಲ್ಪಟ್ಟದ್ದಕ್ಕೆ ಶೇ 28 ಇತ್ತು. ತಿಳಿಯಲೆಂದು ಒಂದು ಲೆಕ್ಕ ಹಾಕೋಣ, ಅಂಕಿಗಳು ಊಹೆಯವು. ಟಿಕೆಟ್ ₹192 ಅಂತಿಟ್ಟುಕೊಳ್ಳಿ. ಅದರಲ್ಲಿ ₹42 ತೆರಿಗೆ ಹೋಗಿ ₹150 ಉಳಿಯಿತು. ಮಲ್ಟಿಪ್ಲೆಕ್ಸ್ ಅರ್ಧ ಇಟ್ಟುಕೊಂಡರೆ ವಿತರಕನಿಗೆ ₹75. ಒಂದು ಲಕ್ಷ ಟಿಕೆಟ್ ಹೋದರೆ ಗ್ರಾಸ್ ₹1.92 ಕೋಟಿ, ಶೇರ್ ₹75 ಲಕ್ಷ. ಅವನು ಆ ಏರಿಯಾವನ್ನು ₹1 ಕೋಟಿಗೆ ಕೊಂಡು, ಪ್ರಚಾರಕ್ಕೆ ₹10 ಲಕ್ಷ ಹಾಕಿದ್ದರೆ ಬ್ರೇಕ್ ಈವನ್ ಆಗಲು, ಅಂದರೆ ಹಾಕಿದ ಹಣ ವಾಪಸ್ ಬರಲು, ಸುಮಾರು ₹2.8 ಕೋಟಿ ಗ್ರಾಸ್ ಬೇಕು. ₹1.92 ಕೋಟಿಯ ಪೋಸ್ಟರ್ ನೋಡಿ ಊರೆಲ್ಲ ಹಿಟ್ ಅನ್ನುವಾಗ ಅವನು ₹35 ಲಕ್ಷ ನಷ್ಟದಲ್ಲಿರುತ್ತಾನೆ.

ಸಿಂಗಲ್ ಸ್ಕ್ರೀನ್ ಬಾಡಿಗೆ ಲೆಕ್ಕದಲ್ಲಿ ನಡೆಯುತ್ತಿದ್ದರೆ ಕಥೆ ಬೇರೆ. ವಾರದ ಬಾಡಿಗೆ ₹2 ಲಕ್ಷ, ತೆರಿಗೆ ಕಳೆದ ಕಲೆಕ್ಷನ್ ₹3 ಲಕ್ಷ ಆದರೆ ಶೇರ್ ₹1 ಲಕ್ಷ. ಎರಡನೇ ವಾರ ಕಲೆಕ್ಷನ್ ₹1.5 ಲಕ್ಷಕ್ಕೆ ಇಳಿದರೆ ಶೇರ್ ಸೊನ್ನೆಯೂ ಅಲ್ಲ, ವಿತರಕನೇ ಐವತ್ತು ಸಾವಿರ ಕೈಯಿಂದ ಕಟ್ಟಬೇಕು. ಇದಕ್ಕೆ ಡೆಫಿಸಿಟ್ ಅನ್ನುತ್ತಾರೆ. ಜನ ಬರುತ್ತಿದ್ದರೂ ಚಿತ್ರವನ್ನು ಸಣ್ಣ ಊರಿನಿಂದ ದಿಢೀರನೆ ತೆಗೆಯುವುದು ಇದಕ್ಕೇ. ಇನ್ನೊಂದು ಬಲೆ 'ಹೈರ್': ಸಣ್ಣ ಸೆಂಟರಿನ ಥಿಯೇಟರಿನವರು ಚಿತ್ರವನ್ನು ಒಂದು ನಿಗದಿ ಮೊತ್ತಕ್ಕೆ ಮೊದಲೇ ಕೊಳ್ಳುತ್ತಾರೆ, ಆ ಹಣವನ್ನು ಮೊದಲ ದಿನದ ಶೇರ್‌ಗೆ ಸೇರಿಸಿಬಿಡುತ್ತಾರೆ. ಆದ್ದರಿಂದ ಮೊದಲ ದಿನದ ದಾಖಲೆಗಳಿಗಿಂತ ನಾಲ್ಕನೇ, ಐದನೇ ದಿನ ಕಲೆಕ್ಷನ್ ಎಷ್ಟು ಬಿದ್ದಿದೆ ಅನ್ನುವುದನ್ನು ನೋಡಿ. ಮೊದಲ ದಿನ ಅಭಿಮಾನಿಯದು, ಮೊದಲ ಸೋಮವಾರ ಚಿತ್ರದ್ದು.

ಮತ್ತೊಮ್ಮೆ ನೋಡುವುದಿದ್ದರೆ ಡಬ್ಬಿಂಗ್ ಬೇಡ, ತೆಲುಗಿನಲ್ಲೇ ನೋಡಿ. ಸಂಭಾಷಣೆಗೆ ಸೀಮೆಯ ನುಡಿ ಕೂರಿಸಲು ಜನಪದ ಗಾಯಕ ಪೆಂಚಲ್ ದಾಸ್ ನೆರವಾಗಿದ್ದಾರೆ, 'ಯಾಡ ಪೋಯಿನಾಡೋ' ಹಾಡಿನಲ್ಲಿ ಅವರ ದನಿಯೂ ಇದೆ. ಬಳ್ಳಾರಿ, ರಾಯದುರ್ಗ, ಪಾವಗಡದ ಕಡೆ ತೆಲುಗು ಕೇಳಿ ಬೆಳೆದ ಕಿವಿಗೆ 'ಯಾಡ', 'ಓಬಾ', 'ಜೇಜಿ' ಥಟ್ಟನೆ ತಾಗುತ್ತವೆ. ಮಂಗಳೂರು ಮೂಲದ ಪೂಜಾ ಹೆಗ್ಡೆ ತೆಲುಗಿನಲ್ಲಿ ತಾವೇ ಡಬ್ ಮಾಡಿದ್ದು ಈ ಚಿತ್ರದಿಂದ. ಹಾಗಾಗಿ ಅರವಿಂದಳ ಮಾತಿನಲ್ಲಿ ಹೊರಗಿನವಳ ಚೂರು ಛಾಯೆ ಇದೆ, ಅದು ಪಾತ್ರಕ್ಕೆ ಹೊಂದುತ್ತದೆ. ಈ ಸಲ ಇಸ್ಪೀಟಾಟದ ಐದು ರೂಪಾಯಿಯ ಮಾತು ಯಾರ ಬಾಯಲ್ಲಿ, ಯಾವ ಸಂದರ್ಭದಲ್ಲಿ ಬರುತ್ತದೆ ಅನ್ನುವುದನ್ನೂ ಬಸಿ ರೆಡ್ಡಿಯ ಗಂಟಲನ್ನೂ ಹಿಂಬಾಲಿಸಿ. ನಡುವಿನ ಒಂದು ಗಂಟೆ ನಿಮಗೆ ಮೊದಲಿನಷ್ಟು ಉದ್ದ ಅನ್ನಿಸದೆ ಹೋಗಬಹುದು. ಅನ್ನಿಸಿದರೂ ಅದು ನಿಮ್ಮ ತಪ್ಪಲ್ಲ. ಆ ಗಂಟೆಯಲ್ಲಿ ಹಗ್ಗ ನಿಜವಾಗಿಯೂ ಸಡಿಲವಾಗಿದೆ.